ಯಾರ ಹಂಗೂ ಇಲ್ಲದ ಸೆಡಾನ್ ಮಹಾಶಯರಿಗೆ ಏರುಬೀದಿಯ ನಿವಾಸಿಯೊಬ್ಬನ ಅಹವಾಲು

ಮಾನ್ಯರೇ,

ಹೊರಗೆ ಮೂಗು ಉದುರಿ ಬೀಳುವಂಥ ಚಳಿಯಿದ್ದರೂ ಅದರ ಪರಿವೆಯೇ ಇಲ್ಲದೆ, ಕಾರು ಮಾರುವ ಅಂಗಡಿಯ ಗಾಜಿನ ಅರಮನೆಯಲ್ಲಿ, ತಲೆಯ ಮೇಲಿಂದಲೂ ಹೊಟ್ಟೆಯ ಕೆಳಗಿಂದಲೂ ದೀಪ ಹಾಕಿಸಿಕೊಂಡು ವಿರಾಜಮಾನರಾಗಿರುವ, ಮಧ್ಯಮ ಗಾತ್ರದ, ನಾಲ್ಕೂ ಚಕ್ರಗಳಿಂದ ಏಕಕಾಲಕ್ಕೆ ಎಳೆಯಬಲ್ಲ ಶ್ರೀಮದ್ ಆಲ್-ವೀಲ್-ಡ್ರೈವ್ ಸೆಡಾನ್ ಮಹಾಶಯರ ದಿವ್ಯ ಟೈರುಗಳಿಗೆ, ದೊಡ್ಡ ಸರೋವರದ ದಂಡೆಯ ಡುಲುತ್ ನಗರದ ಗುಡ್ಡದ ಅರ್ಧ ಎತ್ತರದಲ್ಲಿ ವಾಸವಾಗಿರುವ, ಅದಿರಿನ ಹಡಗುಕಟ್ಟೆಯ ಕೆಲಸದಿಂದ ನಿವೃತ್ತನಾದ ಅರ್ಮಸ್ ಕಿವೆಲಾ ಎಂಬ ನಾನು ಮಾಡುವ ಅನಂತಾನಂತ ವಂದನೆಗಳು. ತಮ್ಮ ಬ್ಯಾಟರಿ, ಎಂಜಿನ್ನು ಹಾಗೂ ತಾವು ಸದಾ ಹೊಗಳಿಸಿಕೊಳ್ಳುವ ಗೇರುಪೆಟ್ಟಿಗೆ ಸಕುಶಲವಾಗಿವೆಯೆಂದು ನಂಬಿದ್ದೇನೆ. ಇತ್ತ ನಾನೂ ನನ್ನ ಹೆಂಡತಿ ಅಯ್ಲಿಯೂ ಕ್ಷೇಮ. ಕ್ಷೇಮವಲ್ಲದ ಒಂದು ಸಂಗತಿಯನ್ನು ಅರಿಕೆ ಮಾಡಿಕೊಳ್ಳುವುದಕ್ಕೇ ಈ ಪತ್ರ. ತಮ್ಮನ್ನು ಕೊಳ್ಳಬೇಕೋ ಬೇಡವೋ ಎಂಬುದು ನನಗೆ ತಿಳಿಯುತ್ತಿಲ್ಲ. ಅದು ನನ್ನ ದಡ್ಡತನದಿಂದಲ್ಲ, ತಮ್ಮ ಪರಿಪೂರ್ಣತೆಯಿಂದ ಎಂದು ಮೊದಲೇ ಹೇಳಿಬಿಡುತ್ತೇನೆ.

ಊರಿಗೆ ಊರೇ ಏಣಿ ಹಾಕಿ ಹತ್ತಬೇಕಾದ ದೈತ್ಯ ಗಾಡಿಗಳಲ್ಲಿ ಕುಳಿತು ಒಬ್ಬರ ತಲೆಯ ಮೇಲಿಂದ ಒಬ್ಬರು ನೋಡುತ್ತಿರುವ ಈ ಕಾಲದಲ್ಲಿ, ತಾವು ಇನ್ನೂ ನೆಲಕ್ಕೆ ಹತ್ತಿರವಾಗಿ, ಹಿಂದೆ ಸಾಮಾನಿಗೊಂದು ಡಿಕ್ಕಿ, ಮುಂದೆ ತಕ್ಕಮಟ್ಟಿಗೆ ಒಂದು ಮೂತಿ ಇಟ್ಟುಕೊಂಡು ಕಾರು ಕಾರಿನ ಹಾಗೆಯೇ ಇರುವುದು ನನ್ನಂಥ ಹಳಬನಿಗೆ ಬಹಳ ಹಿಡಿಸಿತು. ತಮ್ಮ ಮೈಬಣ್ಣಕ್ಕೆ ಕಂಪನಿಯವರು 'ಮಂಜಿನ ಮುತ್ತು' ಎಂದು ಹೆಸರಿಟ್ಟಿದ್ದಾರೆ. ನನ್ನ ಕಣ್ಣಿಗೆ ಅದು ಒಲೆಯ ಬೂದಿಯಾಗಿ ಕಂಡರೆ ಅದಕ್ಕೆ ನನ್ನ ಕಣ್ಣಿನ ಪೊರೆ ಕಾರಣವಿರಬೇಕು. ಸರೋವರದ ದಂಡೆಯ ಹೆದ್ದಾರಿಯಲ್ಲಿ ತಮ್ಮ ದೊಡ್ಡ ಜಾಹೀರಾತು ಫಲಕವೊಂದಿದೆ. ಅದರಲ್ಲಿ ತಾವು ಹಿಮ ಮುಚ್ಚಿದ ಶಿಖರದ ತುದಿಯಲ್ಲಿ ನಿಂತಿದ್ದೀರಿ, ಪಕ್ಕದಲ್ಲಿ ಗಡ್ಡ ಬಿಟ್ಟ ಒಬ್ಬ ಗಂಡಸು ಕೈಕಟ್ಟಿ ದೂರ ನೋಡುತ್ತಿದ್ದಾನೆ, ಸುತ್ತ ಹತ್ತು ಮೈಲಿ ನರಪಿಳ್ಳೆಯಿಲ್ಲ, ಕೆಳಗೆ 'ಇನ್ನು ಯಾರ ಹಂಗೂ ಇಲ್ಲ' ಎಂದು ಬರೆದಿದೆ. ಆ ಮನುಷ್ಯ ಅಲ್ಲಿಗೆ ಯಾಕೆ ಹೋದ, ಅವನ ಮನೆಯಲ್ಲಿ ಯಾರೂ ಹುಡುಕುತ್ತಿಲ್ಲವೇ ಎಂದು ಅಯ್ಲಿ ಪ್ರತಿಸಲವೂ ಕೇಳುತ್ತಾಳೆ.

ತಮ್ಮ ಬಾಗಿಲಿಗೆ ನಾನು ಬರುವಂತಾದದ್ದೂ ಅಯ್ಲಿಯಿಂದಲೇ. ಹೋದ ಚಳಿಗಾಲದ ಕೊನೆಯಲ್ಲಿ ನಮ್ಮ ಹಳೆಯ ಕಾರು, ಮುಂದಿನ ಎರಡು ಚಕ್ರಗಳಿಂದ ಮಾತ್ರ ಎಳೆಯುವ ಬಡಪಾಯಿ, ಮಂಜುಗಡ್ಡೆ ಕಟ್ಟಿದ ಬೀದಿಯಲ್ಲಿ ಏರಲಾರದೆ ನಮ್ಮಿಬ್ಬರನ್ನೂ ಹೊತ್ತುಕೊಂಡು ಗಂಭೀರವಾಗಿ ಹಿಂದಕ್ಕೆ ಜಾರಿ, ಕೆಳಗಿನ ಮನೆಯವರ ಟಪಾಲು ಪೆಟ್ಟಿಗೆಯನ್ನು ಮಲಗಿಸಿ ನಿಂತಿತು. ಅಯ್ಲಿ ಚೀರಲಿಲ್ಲ, ಬೈಯಲಿಲ್ಲ. ಮಡಿಲಲ್ಲಿದ್ದ ಬಿಸಿ ಹುರುಳಿಕಾಯಿ ಪಲ್ಯದ ಪಾತ್ರೆಯ ಮುಚ್ಚಳ ಸರಿಮಾಡಿ, "ಮುಂದಿನ ಚಳಿಗಾಲಕ್ಕೆ ನಾಲ್ಕು ಚಕ್ರದಲ್ಲೂ ಎಳೆಯೋ ಕಾರು ತಗೊಂಡ್ರೆ ನಾನು ಹತ್ತುತೀನಿ. ಇಲ್ಲಾಂದ್ರೆ ನೀನೊಬ್ಬನೇ ಜಾರ್ಕೊಂಡು ಹೋಗು," ಎಂದಳು. ಮದುವೆಯಾದಾಗಿನಿಂದ ಅವಳು ಇಷ್ಟು ಉದ್ದ ಮಾತಾಡಿದ್ದು ಕಡಿಮೆ, ಆದ್ದರಿಂದ ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಹಾಗಾದರೆ ಕೊಂಡುಬಿಡಬಹುದಲ್ಲ, ಅಡ್ಡಿಯೇನು ಎಂದು ತಾವು ಕೇಳಬಹುದು. ಅಡ್ಡಿಯ ಹೆಸರು ಹಾಲ್ವರ್ ರುಡ್. ಎದುರುಮನೆಯವನು, ನಾರ್ವೆ ಮೂಲದವನು. ನಾವಿಬ್ಬರೂ ಒಂದೇ ಹಡಗುಕಟ್ಟೆಯಲ್ಲಿ ದುಡಿದವರು, ಒಂದೇ ಚರ್ಚಿಗೆ ಹೋಗುವವರು, ಮತ್ತು ವರ್ಷಗಟ್ಟಲೆಯಿಂದ ಮಾತು ಬಿಟ್ಟವರು. ಕಾರಣ ಘನವಾದದ್ದೇ. ಚರ್ಚಿನ ವಾರ್ಷಿಕ ಭೋಜನಕ್ಕೆ ನಾರ್ವೆಯವರ ಕ್ರಮದಂತೆ ಕ್ಷಾರದ ನೀರಲ್ಲಿ ನೆನೆಸಿ ಲೋಳೆಯಾದ ಒಣಮೀನನ್ನೇ ಬಡಿಸಬೇಕೋ, ಮನುಷ್ಯರು ತಿನ್ನುವಂಥ ಮಾಂಸದ ಉಂಡೆ ಬಡಿಸಬೇಕೋ ಎಂದು ಸಭೆ ಸೇರಿತ್ತು. ಹಾಲ್ವರ್ ಮೀನಿಗೆ ಕೈ ಎತ್ತಿದ, ನಾನು ಉಂಡೆಗೆ ಎತ್ತಿದೆ, ಒಂದೇ ಒಂದು ಕೈ ಹೆಚ್ಚಾಗಿ ಉಂಡೆ ಗೆದ್ದಿತು. ಆ ಕೈ ನನ್ನದೆಂದು ಅವನು ಲೆಕ್ಕ ಹಾಕಿಕೊಂಡ. ಬೇರೆಯವರೂ ಎತ್ತಿದ್ದರಲ್ಲ ಎಂದು ನಾನು ಹೇಳಬಹುದಿತ್ತು, ಆದರೆ ನಮ್ಮಲ್ಲಿ ಜಗಳವಾಡುವುದು ಸಭ್ಯತೆಯಲ್ಲ. ಮಾತು ನಿಲ್ಲಿಸುವುದು ಸಭ್ಯತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಇಬ್ಬರು ಎದುರುಬದುರು ಮನೆ ಮಾಡಿದರೆ ಬೀದಿ ಎಷ್ಟು ನಿಶ್ಶಬ್ದವಾಗಿರುತ್ತದೆಂದು ತಾವು ಬಂದು ಕೇಳಬೇಕು.

ಆದರೆ ಹಿಮ ಬಿದ್ದ ಬೆಳಗ್ಗೆ ಮಾತ್ರ ಬೇರೆ ಕಾನೂನು. ನಗರಸಭೆಯ ಹಿಮ ಗುಡಿಸುವ ಲಾರಿ ಬೀದಿಯ ನಡುವಿನದನ್ನೆಲ್ಲ ತಂದು ನಿಂತ ಕಾರುಗಳ ಮಗ್ಗುಲಿಗೆ ಗೋಡೆ ಕಟ್ಟಿ ಹೋಗುತ್ತದೆ. ಆ ಗೋಡೆಯೊಳಗೆ ಒಂದು ಕಾರು ಸಿಕ್ಕಿಕೊಂಡು ಚಕ್ರ ಗಿರ್ರೆಂದು ತಿರುಗಿದ ಸದ್ದು ಕೇಳಿದರೆ ನಮ್ಮೂರಿನ ಯಾವ ಮನುಷ್ಯನೂ ಮನೆಯೊಳಗೆ ಕೂರುವಂತಿಲ್ಲ. ಯಾರೂ ಕರೆಯುವಂತಿಲ್ಲ, ಯಾರೂ ಕೇಳುವಂತಿಲ್ಲ. ಬಂದು, ಡಿಕ್ಕಿಗೆ ಕೈಯೂರಿ ತಳ್ಳಬೇಕು, ಅದು ಬದ್ಧ ವೈರಿಯ ಕಾರಾದರೂ. ಕಾರು ಒಮ್ಮೆ ಹಿಡಿತ ಸಿಕ್ಕಿ ಏರತೊಡಗಿತೆಂದರೆ ಗುಡ್ಡದ ತುದಿ ಮುಟ್ಟುವವರೆಗೆ ನಿಲ್ಲಿಸುವಂತಿಲ್ಲ, ಧನ್ಯವಾದ ಹೇಳುವುದಕ್ಕೂ ಸಹ, ಏಕೆಂದರೆ ನಿಲ್ಲಿಸಿದರೆ ಮತ್ತೆ ತಳ್ಳಬೇಕಾಗುತ್ತದೆ. ಹೀಗೆ ಪ್ರತಿ ಹಿಮಕ್ಕೂ ನಮ್ಮ ಬಡಪಾಯಿ ಸಿಕ್ಕಿಕೊಳ್ಳುವುದು, ಹಾಲ್ವರ್ ಮುಖ ಗಂಟಿಕ್ಕಿಕೊಂಡು ಬಂದು ಹಿಂದೆ ನಿಲ್ಲುವುದು, "ಚಕ್ರ ನೆಟ್ಟಗೆ ಮಾಡು. ಆಕ್ಸಿಲರೇಟರ್ ತುಳೀಬೇಡ ಮಾರಾಯ, ಸವರು, ಸವರು. ಹಿಂದೆ ಬಿಡು, ಈಗ ಮುಂದೆ. ಕಟ್ಟೇಲಿ ಕ್ರೇನ್ ನಡೆಸ್ತಿದ್ದೋನು ನೀನೇನಾ?" ಎಂದು ಗದರುವುದು. ಇಡೀ ವರ್ಷದಲ್ಲಿ ನಾವು ಆಡುವ ಮಾತುಗಳೆಂದರೆ ಇವೇ. ಇವುಗಳ ಸಂದಿಯಲ್ಲೇ ಉಳಿದದ್ದೆಲ್ಲ ನುಸುಳಿಕೊಂಡು ಬರಬೇಕು.

ನುಸುಳಿಕೊಂಡು ಬರುತ್ತಿತ್ತು ಸ್ವಾಮಿ. ಒಂದು ಫೆಬ್ರವರಿಯ ಬೆಳಗ್ಗೆ ಅವನು ತಳ್ಳುತ್ತ, "ಎಡಕ್ಕೆ ತಿರುಗಿಸು, ಇನ್ನೊಂಚೂರು... ನಮ್ಮ ಸಿಗ್ನಿ ಹೋಗ್ಬಿಟ್ಲು, ಭಾನುವಾರ... ಈಗ ಬಿಡು! ಬಿಡು, ಬಿಡು!" ಎಂದ. ಸಿಗ್ನಿ ಅವನ ತಂಗಿ. ನಾವು ಮೂವರೂ ಒಂದೇ ಶಾಲೆಯ ಬಸ್ಸಿನಲ್ಲಿ ಹೋಗುತ್ತಿದ್ದವರು. ಅಷ್ಟರಲ್ಲಿ ಆ ಹಾಳು ಕಾರಿಗೆ, ಇಡೀ ಚಳಿಗಾಲ ಸಿಗದಿದ್ದ ಹಿಡಿತ ಆ ಗಳಿಗೆಯಲ್ಲೇ ಸಿಕ್ಕಿ, ಅದು ಗುಡ್ಡ ಏರತೊಡಗಿತು. ನಾನು ಕನ್ನಡಿಯಲ್ಲಿ ನೋಡಿದೆ. ಅವನು ಬೀದಿಯ ನಡುವೆ ಕೈ ಇಳಿಬಿಟ್ಟು ನಿಂತಿದ್ದ, ನಾನು ನಿಲ್ಲಿಸುವಂತಿರಲಿಲ್ಲ. "ಪಾಪ, ಒಳ್ಳೇ ಹೆಣ್ಣುಮಗಳು," ಎನ್ನುವ ಮೂರು ಪದ ಹೇಳುವುದಕ್ಕೆ ನಾನು ಮುಂದಿನ ಹಿಮ ಬೀಳುವವರೆಗೆ ಕಾದೆ. ಆ ದಿನಗಳಲ್ಲಿ ಆಕಾಶ ನೋಡಿದಷ್ಟು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ರಸ್ತೆ ದಾಟಿ ಹೋಗಿ ಹೇಳಬಾರದಿತ್ತೇ ಎಂದು ತಾವು ಕೇಳಿದರೆ, ತಾವು ನಮ್ಮೂರಿನ ಗಂಡಸರನ್ನು ನೋಡಿಲ್ಲವೆಂದಷ್ಟೇ ಹೇಳಬಲ್ಲೆ.

ಇಂಥ ನನ್ನನ್ನು ತಮ್ಮ ಅರಮನೆಯ ಮಾರಾಟಗಾರ ಕರ್ಟ್ ಎಂಬ ಸಜ್ಜನರು ಬಹಳ ಆದರದಿಂದ ಬರಮಾಡಿಕೊಂಡರು. ಬಿಸಿಯಾಗುವ ಆಸನ, ಬಿಸಿಯಾಗುವ ಸ್ಟಿಯರಿಂಗು, ಮಾಲೀಕನ ಬೆನ್ನಿನ ಅಳತೆ ನೆನಪಿಟ್ಟುಕೊಳ್ಳುವ ದಿಂಬು, ಎಲ್ಲವನ್ನೂ ಸ್ವಂತ ಮಕ್ಕಳ ಅಂಕಪಟ್ಟಿ ತೋರಿಸುವವರಂತೆ ತೋರಿಸಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಸ್ಥಿತಿ ಎಲ್ಲ ಸಂಸಾರಗಳಲ್ಲೂ ಇರುವಾಗ, ತಮ್ಮಲ್ಲಿ ಮಾತ್ರ ನಾಲ್ಕು ಚಕ್ರಗಳೂ ಒಂದೇ ಮನಸ್ಸಿನಿಂದ, ಯಾವುದು ಜಾರಿದರೆ ಯಾವುದಕ್ಕೆ ಬಲ ಕೊಡಬೇಕೆಂದು ಕಣ್ಣುಮಿಟುಕಿಸುವಷ್ಟರಲ್ಲಿ ತೀರ್ಮಾನಿಸುತ್ತವಂತೆ. ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತೀರಂತೆ. ಅಷ್ಟು ಒಗ್ಗಟ್ಟಿರುವ ಕುಟುಂಬಕ್ಕೆ ಹಸಿವೂ ಜಾಸ್ತಿ ಇರಬೇಕಾದ್ದೇ. "ಹಿಮ ಬಿದ್ದ ದಿನ ಬನ್ನಿ ಸರ್, ನಿಮ್ಮ ಬೀದೀಲೇ ಓಡಿಸಿ ನೋಡಿ. ಆಮೇಲೆ ನೀವು ಬೇಡ ಅನ್ನಲ್ಲ," ಎಂದರು ಕರ್ಟ್.

ಹಿಮ ಬಿತ್ತು, ನಾನು ಹೋದೆ, ತಮ್ಮ ಒಡಲಲ್ಲಿ ಕುಳಿತು ಕರ್ಟ್ ಸಮೇತ ನಮ್ಮ ಬೀದಿಗೆ ಬಂದೆ. ಲಾರಿ ಇನ್ನೂ ಬಂದಿರಲಿಲ್ಲ, ಪಾದ ಮುಳುಗುವಷ್ಟು ಹಿಮ. ತಾವು ಏರಿದ ರೀತಿಯನ್ನು ಏನೆಂದು ವರ್ಣಿಸಲಿ! ಬೆಣ್ಣೆಯಲ್ಲಿ ಚಾಕು ಹೋದಂತೆ ಹೋದಿರಿ, ಒಂದು ಚಕ್ರವೂ ಗೊಣಗಲಿಲ್ಲ. ಬೀದಿಯಲ್ಲಿ ಗೆರೆಗಳೇ ಕಾಣದ್ದರಿಂದ ಗೆರೆ ಕಾಯುವ ತಮ್ಮ ಯಂತ್ರ ಮಾತ್ರ ಹೌಹಾರಿ ಕೀಚಲಿಡುತ್ತಿತ್ತು. ಅಷ್ಟರಲ್ಲಿ ಯಾರದೋ ಕಾರು ಬರುವುದನ್ನು ಕಂಡ ಹಾಲ್ವರ್, ಅಭ್ಯಾಸಬಲದಿಂದ, ಸಲಿಕೆ ಹಿಡಿದು ತನ್ನ ಮೆಟ್ಟಿಲಿಳಿದು ಬೀದಿಯಂಚಿಗೆ ಬಂದ. ತಾವು ಪರದೆಯ ಮೇಲೆ ಅವನನ್ನು ಕೆಂಪು ಚೌಕದೊಳಗೆ ಹಿಡಿದು 'ಅಡಚಣೆ' ಎಂದು ಬರೆದು ತೋರಿಸಿದಿರಿ. ಒಳಗೆ ಕುಳಿತವನು ನಾನೆಂದು ಅವನಿಗೆ ಗೊತ್ತಾಯಿತು. ನಾನು ವಂದನೆಗೆಂದು ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತಿದೆ, ಅವನು ಒಂದು ಬೆರಳು ಎತ್ತಿದ, ಅಷ್ಟರಲ್ಲಿ ತಾವು ಗುಡ್ಡದ ತುದಿ ಮುಟ್ಟಿಸಿಬಿಟ್ಟಿರಿ. ಕರ್ಟ್ ಚಪ್ಪಾಳೆ ತಟ್ಟಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಗಾದೆಯನ್ನು ತಾವು ಇನ್ನೂ ಸುಧಾರಿಸಿದ್ದೀರಿ; ತಮ್ಮಲ್ಲಿ ಹೊಳೆ ದಾಟುವ ಮೊದಲೇ ಅಂಬಿಗನನ್ನು ಬಿಟ್ಟುಬಿಡಬಹುದು.

ಸರಿ, ಹಾಳಾಗಿ ಹೋಗಲಿ, ಅಯ್ಲಿಗೆ ಏನಾದರೂ ಸಬೂಬು ಹೇಳಿ ಹಳೆಯ ಬಡಪಾಯಿಯಲ್ಲೇ ಇನ್ನೊಂದು ಚಳಿಗಾಲ ತಳ್ಳಿಸಿಕೊಂಡು ಬದುಕೋಣ ಎಂದು ನಾನು ಹೆಚ್ಚುಕಡಿಮೆ ತೀರ್ಮಾನಿಸಿದ್ದೆ. ಆಗ ದಿನಸಿ ಅಂಗಡಿಯಲ್ಲಿ ಹಾಲ್ವರನ ಹೆಂಡತಿ ಮಾರ್ಲಿಸ್ ಸಿಕ್ಕಳು. ಮೊದಲು ಹವೆಯ ವಿಚಾರ, ಆಮೇಲೆ ಆಲೂಗಡ್ಡೆಯ ವಿಚಾರ, ಮತ್ತೆ ಹವೆಯ ವಿಚಾರ ಎಲ್ಲ ಮುಗಿದು ಹೊರಟವಳು, ಸಾಮಾನಿನ ತಳ್ಳುಗಾಡಿ ತಿರುಗಿಸಿಕೊಂಡು ವಾಪಸು ಬಂದಳು.

"ಅರ್ಮಸ್, ನೀವು ಆ ಕಾರು ತಗೊಳ್ತೀರಂತಲ್ಲ? ತಗೊಳ್ಳಿ. ಇವರಿಗೆ ಎಲೆ ಉದುರೋ ಹೊತ್ತಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ರು. ಹಿಮ ಎತ್ತಬಾರದು, ಕಾರು ತಳ್ಳಬಾರದು ಅಂದಿದಾರೆ ಡಾಕ್ಟ್ರು. ಕೇಳ್ತಾರಾ? ಹಿಮ ಬಿದ್ರೆ ಸಾಕು, ಬೂಟು ಹಾಕ್ಕೊಂಡು ಕಿಟಕೀಲಿ ನಿಂತಿರ್ತಾರೆ, ನಿಮ್ಮ ಕಾರು ಶುರುವಾಗೋ ಸದ್ದಿಗೆ. ನಿಮಗೆ ಹೇಳಲೇಬಾರದು ಅಂತ ಆಣೆ. 'ಹೇಳಿದ್ರೆ ಅರ್ಮಸ್ ಬೇರೆ ಯಾರನ್ನೋ ಕರೀಬೇಕಾಗುತ್ತೆ, ಅವನಿಗೆ ಸಂಕೋಚ ಜಾಸ್ತಿ' ಅಂತಾರೆ."

ಮಾನ್ಯರೇ, ಈ ಚಳಿಗಾಲದ ಮೊದಲ ಹಿಮಕ್ಕೆ ಅವನು ನನ್ನ ಕಾರನ್ನು ತಳ್ಳಿದ್ದ. ನಡುವೆ ಒಮ್ಮೆ ನಿಲ್ಲಿಸಿ ಕೋಟಿನೊಳಗೆ ಕೈ ಹಾಕಿ ಎದೆಯ ಹತ್ತಿರ ಏನೋ ತಡಕಿದ್ದ. ನಾನು ಕನ್ನಡಿಯಲ್ಲಿ ನೋಡಿ, ಕೈಗವಸು ಹುಡುಕುತ್ತಿದ್ದಾನೆ ಎಂದುಕೊಂಡು, ಬೇಗ ಆಗಲಿ ಎಂದು ಹಾರ್ನ್ ಹಾಕಿದ್ದೆ. ಅಂಗಡಿಯಲ್ಲಿ ನಿಂತು ಇದು ನೆನಪಾದಾಗ ನನಗೆ ಹೆದರಿಕೆಯಾಯಿತು. ನಾಚಿಕೆಯೂ ಆಯಿತು, ಆದರೆ ಹೆದರಿಕೆಯೇ ಹೆಚ್ಚು. ಆಲೂಗಡ್ಡೆ ಅಲ್ಲೇ ಬಿಟ್ಟು ಬಂದುಬಿಟ್ಟೆ.

ಈಗ ನನ್ನ ಸ್ಥಿತಿ ಅತ್ತ ದರಿ, ಇತ್ತ ಪುಲಿ. ತಮ್ಮನ್ನು ಕೊಳ್ಳದಿದ್ದರೆ ಆ ಮೊಂಡ ನಾರ್ವೆಯವನು ಒಂದು ಬೆಳಗ್ಗೆ ನನ್ನ ಡಿಕ್ಕಿಯ ಮೇಲೆ ಕೈಯಿಟ್ಟುಕೊಂಡೇ ಸಾಯುತ್ತಾನೆ. ಕೊಂಡರೆ ಬದುಕುತ್ತಾನೆ, ಆದರೆ ಅವನು ಬದುಕಿರುವ ಸುದ್ದಿ ನನಗೆ ಗೊತ್ತಾಗುವುದು ಅವನ ಮನೆಯ ದೀಪ ಹತ್ತಿದಾಗ ಮಾತ್ರ. "ಎದ್ದು ಹೋಗಿ ಮಾತಾಡು," ಎಂದಳು ಅಯ್ಲಿ. "ಏನಂತ?" ಎಂದೆ. "ಏನಾದ್ರೂ," ಎಂದಳು. ಕೋಟು ಹಾಕಿಕೊಂಡು ಅವನ ಮನೆಯ ಮೆಟ್ಟಿಲವರೆಗೆ ಹೋದೆ. ಬೀದಿಯಲ್ಲಿ ಸಿಕ್ಕಿಕೊಂಡ ಕಾರು ಇಲ್ಲದೆ ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಅವನ ಮೆಟ್ಟಿಲ ಮೇಲಿದ್ದ ಹಿಮವನ್ನು ಕಾಲಲ್ಲಿ ಸರಿಸಿ ವಾಪಸು ಬಂದೆ. ಇಂಥವರಿಗೆ 'ಯಾರ ಹಂಗೂ ಇಲ್ಲ' ಎಂಬ ವರವನ್ನು ಮಾರುತ್ತಿರುವ ತಮ್ಮ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಹಂಗು ಇಲ್ಲದಿದ್ದರೆ ನಮ್ಮ ಬೀದಿಯಲ್ಲಿ ಯಾರೂ ಯಾರ ಹೆಸರನ್ನೂ ಕರೆಯುವ ಸಂದರ್ಭವೇ ಬರುವುದಿಲ್ಲ ಎಂಬುದನ್ನು ತಮ್ಮ ಕಾರ್ಖಾನೆಯ ಯಾವ ಎಂಜಿನಿಯರಿಗೂ ಯಾರೂ ಹೇಳಿರಲಿಕ್ಕಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳು. ಬಿಸಿ ಆಸನದ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ಇಡಿಸಿಕೊಡಿ. ಅದನ್ನು ಒತ್ತಿದರೆ ತಾವು ಎದುರುಮನೆಯ ಮುಂದೆ ಸರಿಯಾಗಿ, ಗಿರ್ರೆಂದು ಸದ್ದು ಮಾಡಿ ಸಿಕ್ಕಿಕೊಳ್ಳಬೇಕು. ಆದರೆ ಹೃದ್ರೋಗಿಯೊಬ್ಬ ಒಂದು ಬೆರಳು ಮುಟ್ಟಿಸಿದರೂ ಸಾಕು, ತಾನು ದಣಿದೆನೆಂದು ಅವನಿಗೆ ಅನ್ನಿಸಬೇಕು, ಆದರೆ ಅವನು ನಿಜಕ್ಕೂ ದಣಿಯದಂತೆ ತಾವು ಹೊರಡಬೇಕು. ಮಾಲೀಕನ ಬೆನ್ನನ್ನು ನೆನಪಿಡುವ ತಾವು ನೆರೆಯವನ ಹೆಸರನ್ನೂ ನೆನಪಿಟ್ಟುಕೊಂಡು, ಅವನು ಕಂಡಾಗ ಪರದೆಯ ಮೇಲೆ 'ಅಡಚಣೆ' ಎಂಬುದರ ಬದಲು 'ಹಾಲ್ವರ್' ಎಂದು ಬರೆಯಬೇಕು. ಅವನು ಯಾರಾದರೂ ಸತ್ತ ಸುದ್ದಿ ಹೇಳುತ್ತಿರುವಾಗ ದಯವಿಟ್ಟು ಹಿಡಿತ ಸಿಗಬಾರದು. ಇಷ್ಟನ್ನು ಮಾಡಿಕೊಡುವುದಾದರೆ ಬೂದಿ ಬಣ್ಣವನ್ನು ಮುತ್ತೆಂದು ಕರೆಯಲು ನಾನು ಸಿದ್ಧ.

ಪತ್ರವನ್ನು ಇಲ್ಲಿಗೆ ತಂದು, ಸಹಿ ಹಾಕಬೇಕೆಂದು ಪೆನ್ನು ಒರೆಸಿಕೊಳ್ಳುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಹೋಗಿ ನೋಡಿದರೆ ಹಾಲ್ವರ್. ಮಾಂಸದ ಉಂಡೆ ಗೆದ್ದ ಮೇಲೆ ಅವನು ನನ್ನ ಬಾಗಿಲಿಗೆ ಬಂದದ್ದು ಇದೇ ಮೊದಲು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಪಿಕಪ್ಪು ಸಿಕ್ಕಿಹಾಕ್ಕೊಂಡಿದೆ," ಎಂದ. "ಅವಸರ ಏನಿಲ್ಲ. ನಿನಗೆ ಕೆಲಸ ಇದ್ರೆ ಬೇಡ."

"ಕೆಲಸ ಏನಿಲ್ಲ," ಎಂದೆ.

"ನಾನು ತಳ್ಳೋ ಹಾಗಿಲ್ಲ. ಡಾಕ್ಟ್ರು ಬೇಡ ಅಂದಿದಾರೆ."

"ಹಾಗಾ," ಎಂದೆ, ಮೊದಲ ಸಲ ಕೇಳಿದವನಂತೆ.

ಹೋಗಿ ನೋಡಿದೆ. ಅವನ ಪಿಕಪ್ಪು ಕೊಂಡು ಎರಡು ವರ್ಷವೂ ಆಗಿಲ್ಲ. ನಾಲ್ಕು ಚಕ್ರದ ಎಳೆತ, ಬೇಕೆಂದರೆ ಚರ್ಚನ್ನೇ ಬುಡ ಸಮೇತ ಎಳೆದುಕೊಂಡು ಹೋಗುವ ತಾಕತ್ತು. ಅಂಥದ್ದು ತನ್ನ ಮನೆಯ ಮುಂದಿನ ಹಿಮದ ಗುಡ್ಡೆಯೊಳಗೆ ಮೂತಿ ತೂರಿಸಿ ನಿಂತಿತ್ತು. ಟೈರಿನ ಗುರುತು ರೂಲುಕಡ್ಡಿ ಇಟ್ಟು ಎಳೆದಷ್ಟು ನೇರವಾಗಿ ಗುಡ್ಡೆಗೇ ಹೋಗಿತ್ತು. ಎಲ್ಲೂ ಜಾರಿದ ಕುರುಹಿಲ್ಲ. ಕಿಟಕಿಯಿಂದ ಕಂಡಿತು, ನಾಲ್ಕು ಚಕ್ರಕ್ಕೆ ಹಾಕುವ ಗುಬುಟನ್ನು ಎರಡಕ್ಕೆ ತಿರುಗಿಸಿ ಇಟ್ಟಿದ್ದ. ನಾನು ನೋಡಿದೆನೆಂದು ಅವನಿಗೆ ಗೊತ್ತಾಯಿತು. ಇಬ್ಬರೂ ಸ್ವಲ್ಪ ಹೊತ್ತು ಆಕಾಶ ನೋಡಿದೆವು. ಆಮೇಲೆ ಅವನು ಒಳಗೆ ಕುಳಿತ, ನಾನು ಮುಂಬದಿಗೆ ಹೋಗಿ ಬಾನೆಟ್ಟಿಗೆ ಹೆಗಲು ಕೊಟ್ಟೆ.

"ಬೆನ್ನಿಂದಲ್ಲವೋ, ಕಾಲಿಂದ ತಳ್ಳು!" ಎಂದು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

"ನೀನು ತುಳೀಬೇಡ, ಸವರು," ಎಂದೆ. ಆಮೇಲೆ ತಳ್ಳುತ್ತಲೇ, ತಲೆ ಎತ್ತದೆ, "ಸ್ಟೆಂಟು ಹೇಗಿದೆ?" ಎಂದೆ.

"ಇದೆ," ಎಂದ. "ಮಾರ್ಲಿಸ್ ಹೇಳಿದ್ಲಾ?"

"ಹೂಂ."

"ಹೇಳ್ತಾಳೆ ಅಂತ ಗೊತ್ತಿತ್ತು."

ಪಿಕಪ್ಪು ಹಿಂದಕ್ಕೆ ಕಳಚಿಕೊಂಡು ಬೀದಿಗೆ ಬಂತು. ಇನ್ನು ನಿಲ್ಲಿಸದೆ ಏರಿ ಹೋಗಬೇಕಾದ್ದು ಕಾನೂನು. ಹಾಲ್ವರ್ ಬೀದಿಯ ನಡುಮಧ್ಯದಲ್ಲಿ ಬ್ರೇಕು ಹಾಕಿ, ಎಂಜಿನ್ನು ಆರಿಸಿ, ಕಿಟಕಿಯ ಮೇಲೆ ಮೊಣಕೈ ಊರಿದ.

"ನೀನು ಆ ಕಾರು ತಗೋ," ಎಂದ. "ಅಯ್ಲಿಗೆ ಒಳ್ಳೇದು."

"ತಗೊಳ್ತೀನಿ."

"ಶುಕ್ರವಾರ ಮತ್ತೆ ಹಿಮ ಅಂತೆ."

"ಅಂತೆ."

"ಇದು ಮತ್ತೆ ಸಿಕ್ಕಿಹಾಕ್ಕೋಬಹುದು," ಎಂದು ಪಿಕಪ್ಪಿನ ಬಾಗಿಲು ತಟ್ಟಿದ. "ಹಳೇದಾಯ್ತು ನೋಡು."

ಶೋರೂಮಿನ ವಾಸನೆ ಇನ್ನೂ ಹೋಗಿರದ ಆ ಗಾಡಿಯನ್ನು ನಾನು ಮೂತಿಯಿಂದ ಬಾಲದವರೆಗೆ ನೋಡಿದೆ. "ಹೌದಪ್ಪ," ಎಂದೆ, "ತೀರಾ ಹಳೇದಾಯ್ತು."

ಆದುದರಿಂದ ಮಾನ್ಯರೇ, ನಾಳೆ ಬೆಳಗ್ಗೆ ಅಯ್ಲಿಯೊಡನೆ ಬಂದು ತಮ್ಮನ್ನು ಮನೆತುಂಬಿಸಿಕೊಳ್ಳುತ್ತೇನೆ. ಮೇಲಿನ ಬೇಡಿಕೆಗಳನ್ನು ತಾವು ಮರೆತುಬಿಡಬಹುದು. ಶುಕ್ರವಾರ ಮಾತ್ರ ನಾನು ತಮ್ಮನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ, ಎದುರುಮನೆಯಲ್ಲಿ ಕೆಲಸವಿದೆ.

ತಮ್ಮ ನಾಲ್ಕೂ ಚಕ್ರಗಳ ಐಕಮತ್ಯಕ್ಕೆ ತಲೆಬಾಗುವ,
ತಮ್ಮ ವಿಶ್ವಾಸಿ,
ಅರ್ಮಸ್ ಕಿವೆಲಾ

ಮರೆತ ಮಾತು: ನಾಲ್ಕು ಚಕ್ರದ ಎಳೆತವಿರುವ ಕಾರು ಮಂಜುಗಡ್ಡೆಯ ಮೇಲೆ ಚೆನ್ನಾಗಿ ಹೊರಡುತ್ತದೆ ಸರಿ, ಬೇರೆ ಕಾರಿಗಿಂತ ಬೇಗ ನಿಲ್ಲುತ್ತದೆಯೇ ಎಂದು ಅಯ್ಲಿ ಕರ್ಟ್ ಅವರಿಗೆ ಫೋನು ಮಾಡಿ ಕೇಳಿದಳು. ಅವರು ಬಿಸಿ ಸ್ಟಿಯರಿಂಗಿನ ಬಗ್ಗೆ ಬಹಳ ಹೊತ್ತು ಮಾತಾಡಿದರಂತೆ. ಚಳಿಗಾಲದ ಟೈರುಗಳನ್ನು ನಾವೇ ಬೇರೆ ಕೊಂಡು ತರುತ್ತೇವೆ. ತಾವು ಅಷ್ಟರವರೆಗೆ ಶಿಖರದ ಮೇಲಿನ ಆ ಗಡ್ಡದ ಮನುಷ್ಯನನ್ನು ದಯವಿಟ್ಟು ಮನೆಗೆ ತಲುಪಿಸಿ ಬನ್ನಿ.